ಮೂರನೆಯ ಬೇಡಿಕೆ

ಆಗಸ್ಟ್ 3, ಶನಿವಾರ

ಇವತ್ತು ನಾನು ನಾಲ್ಕು ದೇಶಗಳ ಬಾಯಿ ಮುಚ್ಚಿಸಿದೆ.

ಹೀಗೆ ಬರೆದರೆ ಜಂಬ ಅನ್ನಿಸುತ್ತದೆ. ಅನ್ನಿಸಲಿ, ಇದನ್ನು ಓದುವವಳು ನಾನೊಬ್ಬಳೇ ತಾನೆ. ಸಮಾಜ ವಿಜ್ಞಾನದ ಮೇಷ್ಟ್ರು ನಮ್ಮ ತರಗತಿಯಿಂದ ಐದು ಜನರನ್ನು ಆರಿಸಿ ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿದ್ದಾರೆ. ಇನ್ನು ಮೇಲೆ ಪ್ರತಿ ಶನಿವಾರ ಬೇರೆ ಬೇರೆ ದೇಶಗಳ ಶಾಲೆಯವರ ಜೊತೆ ಪರದೆಯಲ್ಲಿ ಚರ್ಚೆ. ವಿಷಯ ಲೋಕದ ಸಮಸ್ಯೆಗಳು. ಲೋಕಕ್ಕೆ ಸಮಸ್ಯೆಗಳ ಕೊರತೆಯೇ ಇಲ್ಲವಾದ್ದರಿಂದ ಅರ್ಧವಾರ್ಷಿಕ ಪರೀಕ್ಷೆಯವರೆಗೂ ಬೇಸರವಿಲ್ಲ. ಭಾಷೆ ಇಂಗ್ಲಿಷ್. ಅದು ಅವರಲ್ಲೂ ಹೆಚ್ಚಿನವರಿಗೆ ಶಾಲೆಯಲ್ಲಿ ಕಲಿತದ್ದೇ ಅಂತ ಗೊತ್ತಾದ ಮೇಲೆ ನನ್ನ ಎದೆ ಹೊಡೆದುಕೊಳ್ಳುವುದು ನಿಂತಿತು.

ಇವತ್ತು ಹವಾಮಾನದ ಬಗ್ಗೆ ಮಾತು. ಎಲ್ಲರೂ ಕರಗುವ ಹಿಮದ ಮೇಲೆ ಕಣ್ಣೀರು ಹಾಕಿದರು. ನನ್ನ ಸರದಿ ಬಂದಾಗ, "ನಿಮ್ಮಲ್ಲಿ ಇಲ್ಲಿಗೆ ನಡೆದುಕೊಂಡು ಬಂದವರು ಯಾರು, ಕೈ ಎತ್ತಿ" ಅಂದೆ. ಒಂದು ಕೈಯೂ ಮೇಲೆ ಬರಲಿಲ್ಲ. ನಾನು ನನ್ನ ಕೈ ಎತ್ತಿದೆ. ಅಷ್ಟೇ, ಸಭೆ ಗಪ್‌ಚುಪ್.

ಇಬ್ಬರು ನೆನಪಿನಲ್ಲಿ ಉಳಿದರು. ಮೂಗಿನ ಮೇಲೆಲ್ಲ ಕಂದು ಚುಕ್ಕಿಗಳಿರುವ ಒಬ್ಬಳು, ನಾನು ಮಾತಾಡುವಾಗ ಬರೆದುಕೊಳ್ಳುತ್ತಿದ್ದಳು. ಅವಳಿಗೆ ಚುಕ್ಕಿ ಅಂತ ಹೆಸರಿಟ್ಟಿದ್ದೇನೆ. ಇನ್ನೊಬ್ಬನ ಹಿಂದಿನ ಗೋಡೆಯಲ್ಲಿ ಗಿಟಾರ್ ನೇತಾಡುತ್ತಿತ್ತು. ಅವನು ಗಿಟಾರ್. ಅವನಿಗೆ ಅಂಕಿಅಂಶ ಹೇಳದಿದ್ದರೆ ಉಸಿರಾಡಲು ಬರುವುದಿಲ್ಲ.

ಮನೆಗೆ ಬಂದು ಅಪ್ಪನ ಮುಂದೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅಪ್ಪ ಬೀಗ ರಿಪೇರಿ ಮಾಡುವವನು. ಎಂಥ ಬೀಗವನ್ನಾದರೂ ತೆಗೆಯುತ್ತಾನೆ, ನನ್ನ ಬಾಯಿಗೆ ಮಾತ್ರ ಬೀಗ ಹಾಕಲು ಬರುವುದಿಲ್ಲವಂತೆ. "ವಕೀಲಮ್ಮ, ಊಟಕ್ಕೆ ಬಾ" ಅಂದ.

ಆಗಸ್ಟ್ 10, ಶನಿವಾರ

ಇವತ್ತಿನದು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ವಿಷಯ 'ದುಡಿಮೆ ಮತ್ತು ಮರ್ಯಾದೆ'. ಗಿಟಾರ್ ಎಂದಿನಂತೆ ಅಂಕಿಅಂಶದ ಮೂಟೆ ಬಿಚ್ಚಿದ. ಎರಡು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ ಮಾತನ್ನು ನಾನು ಆಡಿದೆ. "ನನ್ನಮ್ಮ ಕೊಡೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ನೀವು ಅಂಗಡಿಯಿಂದ ತಂದು ಬಿಚ್ಚುವ ಕೊಡೆಯನ್ನು ನಿಮಗಿಂತ ಮೊದಲು ಬಿಚ್ಚಿದವಳು ಅವಳು. ಹೊಲಿಗೆ ನೋಡುತ್ತಾಳೆ, ಕಡ್ಡಿ ನೋಡುತ್ತಾಳೆ, ದೀಪಕ್ಕೆ ಹಿಡಿದು ತೂತು ಇದೆಯಾ ಅಂತ ನೋಡುತ್ತಾಳೆ, ಮುಚ್ಚುತ್ತಾಳೆ. ಇಡೀ ಪಾಳಿ ನಿಂತೇ ಇರುತ್ತಾಳೆ. ಅವಳಿಗೆ ಕೂರಲು ಅಲ್ಲಿ ಒಂದು ಕುರ್ಚಿ ಇಲ್ಲ. ನಿಮ್ಮ ತಲೆ ನೆನೆಯದಿರಲಿ ಅಂತ ನನ್ನಮ್ಮನ ಕಾಲು ಊದಿಕೊಳ್ಳುತ್ತದೆ."

ಕೊನೆಯ ಸಾಲು ಶಾಲೆಗೆ ನಡೆದು ಬರುವಾಗ ಹೊಳೆದದ್ದು. ಚುಕ್ಕಿ ಕಣ್ಣೊರೆಸಿಕೊಂಡಳು. ಗಿಟಾರ್ ತನ್ನ ಕಾಗದ ಮಡಿಸಿಟ್ಟ. ಅದಕ್ಕಿಂತ ದೊಡ್ಡ ಬಹುಮಾನ ಯಾವುದಿದೆ? ಮೇಷ್ಟ್ರು ನನ್ನ ಬೆನ್ನು ತಟ್ಟಿ, "ನೀನು ಶಾಲೆಯ ಹೆಸರು ಉಳಿಸಿದೆ ಕಣಮ್ಮ" ಅಂದರು.

ಮನೆಗೆ ಬಂದಾಗ ಅಮ್ಮ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

"ಏನು ಮಾತಾಡ್ದೆ ಇವತ್ತು?"

"ದೊಡ್ಡ ವಿಷಯ. ಬಿಡು, ನಿನಗೆ ಬೇಜಾರಾಗುತ್ತೆ."

ಅವಳು ಬಿಟ್ಟಳು. ಅವಳಿಗೂ ಸುಸ್ತಾಗಿತ್ತು.

ಆಗಸ್ಟ್ 11, ಭಾನುವಾರ

ಚುಕ್ಕಿಯಿಂದ ಸಂದೇಶ. ಅಮ್ಮನ ಕಾರ್ಖಾನೆಯ ಕೊಡೆಗಳ ಮೇಲೆ ಯಾವ ಗುರುತು ಇರುತ್ತದೆ ಅಂತ ಕೇಳಿದ್ದಾಳೆ. ಹಿಡಿಯಲ್ಲಿ ಸೀಳು ಬಿಟ್ಟಿದೆ ಅಂತ ಪಕ್ಕಕ್ಕೆ ಹಾಕಿ ಮನೆಗೆ ಕೊಟ್ಟ ಕೊಡೆ ಬಾಗಿಲ ಹಿಂದೆ ಇದೆ. ಅದರ ಫೋಟೊ ತೆಗೆದು ಕಳಿಸಿದೆ. ಉತ್ತರವಾಗಿ ಹೃದಯದ ಚಿತ್ರಗಳ ಸುರಿಮಳೆ.

ಆಗಸ್ಟ್ 24, ಶನಿವಾರ

ನನ್ನ ಮಾತು ಅಷ್ಟು ದೂರ ಹೋಗಿದೆ ಅಂತ ಇವತ್ತು ಕಣ್ಣಾರೆ ಕಂಡೆ!

ಆ ಗುರುತಿನ ಕೊಡೆ ಮಾರುವ ದೊಡ್ಡ ಅಂಗಡಿ ಚುಕ್ಕಿಯ ಊರಿನ ಚೌಕದಲ್ಲೇ ಇದೆಯಂತೆ. ಅವಳ ಶಾಲೆಯವರೆಲ್ಲ ಅಂಗಡಿಯ ಮುಂದೆ ನೆತ್ತಿ ಸುಡುವ ಬಿಸಿಲಲ್ಲಿ ಕೊಡೆ ಮುಚ್ಚಿ ಹಿಡಿದುಕೊಂಡು ಬೆಳಗಿನಿಂದ ಸಂಜೆವರೆಗೆ ನಿಂತಿದ್ದಾರೆ. "ಅವರು ಕೂರುವವರೆಗೆ ನಾವು ಕೂರುವುದಿಲ್ಲ" ಅಂತ ಫಲಕ. ಆ ವಿಡಿಯೊವನ್ನು ಯಾರು ಯಾರೋ ಹಂಚಿಕೊಂಡಿದ್ದಾರೆ. ಅದರಲ್ಲಿ ಕಾಲು ಊದುವ ನನ್ನ ಸಾಲೂ ಇದೆ.

ಇವತ್ತು ಎಲ್ಲ ಶಾಲೆಗಳೂ ಸೇರಿ ಅಂಗಡಿಗೆ ಕೊಡುವ ಬೇಡಿಕೆಗಳನ್ನು ಬರೆದೆವು. ಕುರ್ಚಿ ಬೇಕು ಅನ್ನುವುದು ಚುಕ್ಕಿಯದು. ಪಾಳಿಯ ನಡುವೆ ಎರಡು ಸಲ ಬಿಡುವು ಬೇಕು ಅನ್ನುವುದು ಗಿಟಾರ್‌ನದು. ಬರೀ ಇಷ್ಟೇ ಆದರೆ ಸಪ್ಪೆ ಅನ್ನಿಸಿ ನಾನು ಮೂರನೆಯದನ್ನು ಸೇರಿಸಿದೆ: ನಿಂತು ದುಡಿಯುವ ಪ್ರತಿಯೊಬ್ಬ ಮಹಿಳೆಯ ಕಾಲನ್ನೂ ವೈದ್ಯರು ಪರೀಕ್ಷಿಸಬೇಕು, ವರದಿಯನ್ನು ಅಂಗಡಿಯವರಿಗೆ ಕೊಡಬೇಕು. ಎಲ್ಲರೂ ಹೆಬ್ಬೆರಳು ಎತ್ತಿದರು. "ಇದು ಮೂರರಲ್ಲೂ ಗಟ್ಟಿಯಾದದ್ದು" ಅಂದ ಗಿಟಾರ್. ಅವನ ಬಾಯಲ್ಲಿ ಹೊಗಳಿಕೆ ಬಂದರೆ ಅದು ಹಗಲು ಹೊತ್ತು ನಕ್ಷತ್ರ ಕಂಡ ಹಾಗೆ.

ಅಮ್ಮನಿಗೆ ಹೇಳಿಲ್ಲ. ಕುರ್ಚಿ ಬಂದ ದಿನ ತಾನಾಗಿಯೇ ಗೊತ್ತಾಗಲಿ. ಆಗ ಅವಳ ಮುಖ ನೋಡಬೇಕು.

ಸೆಪ್ಟೆಂಬರ್ 2, ಸೋಮವಾರ

ಶಾಲೆಯಿಂದ ಬಂದರೆ ಮನೆಯಲ್ಲಿ ಚಪ್ಪಲಿಗಳ ರಾಶಿ. ಒಳಗೆ ಅಮ್ಮನ ಜೊತೆ ಚೆಕಿಂಗ್ ಲೈನಿನಲ್ಲಿ ಕೊಡೆ ನೋಡುವ ಹೆಂಗಸರು ಕೂತಿದ್ದಾರೆ. ಹಗಲು ಹೊತ್ತು ಅಮ್ಮ ಮನೆಯಲ್ಲಿ ಇದ್ದದ್ದನ್ನು ನಾನು ಕಂಡದ್ದೇ ಕಡಿಮೆ.

ಲೈನ್ ನಿಲ್ಲಿಸಿದ್ದಾರಂತೆ. ಕೊಡೆ ಕೊಳ್ಳುವ ಅಂಗಡಿಯವರು, ವಿಚಾರಣೆ ಮುಗಿಯುವವರೆಗೆ ಒಂದೂ ಕೊಡೆ ಬೇಡ ಅಂದುಬಿಟ್ಟಿದ್ದಾರೆ. ಮುಂದೆ ಹೇಳಿಕಳಿಸುವವರೆಗೆ ಯಾರೂ ಬರಬೇಡಿ ಅಂತ ಗೇಟಿನಲ್ಲಿ ಚೀಟಿ ಅಂಟಿಸಿದ್ದಾರೆ.

"ಯಾವುದೋ ದೇಶದಲ್ಲಿ ಯಾರೋ ಮಕ್ಕಳು ಗಲಾಟೆ ಮಾಡಿದ್ರಂತೆ" ಅಂದಳು ಒಬ್ಬಳು. "ನಮ್ಮ ಮೇಲೆ ಅವರಿಗೆ ಯಾಕಪ್ಪ ಹೊಟ್ಟೆಕಿಚ್ಚು?"

"ಹೊಟ್ಟೆಕಿಚ್ಚಲ್ಲ ಕಣೇ, ಅವರಿಗೆ ಮಳೆ ಬಂದಿರಲ್ಲ" ಅಂದರು ದೊಡ್ಡಕ್ಕ. ಎಲ್ಲರೂ ನಕ್ಕರು.

ದೊಡ್ಡಕ್ಕ ಆ ಲೈನಿನಲ್ಲಿ ಎಲ್ಲರಿಗಿಂತ ಹಿರಿಯರು. ಅಮ್ಮನ ಪಕ್ಕದಲ್ಲೇ ಅವರ ಜಾಗ. ಟೈಲರ್ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಇವತ್ತು ನಮ್ಮ ಮೆಟ್ಟಿಲು ಹತ್ತಿ ಬರುವುದರೊಳಗೆ ಗೋಡೆಗೆ ಒರಗಿ ಒರಗಿ ನಿಂತರಂತೆ. ಹೊರಡುವಾಗ ನನ್ನ ಗಲ್ಲ ಹಿಂಡಿ, "ನೀನು ಚೆನ್ನಾಗಿ ಓದು. ಈ ಕೊಡೆ ಸಹವಾಸ ಬೇಡ" ಅಂದರು. ಮೆಟ್ಟಿಲು ಇಳಿಯುವಾಗ ಅಮ್ಮ ಅವರ ಕೈ ಹಿಡಿದುಕೊಂಡಿದ್ದಳು.

ಊಟ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ.

ಸೆಪ್ಟೆಂಬರ್ 3, ಮಂಗಳವಾರ

ಹೇಳಿಬಿಟ್ಟೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು, ಅಪ್ಪ ಒಂದು ಹಳೆಯ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಮೊದಲಿನಿಂದ ಕೊನೆವರೆಗೆ ಎಲ್ಲ ಹೇಳಿದೆ. ವಿಡಿಯೊ ತೋರಿಸಿದೆ.

ಅಮ್ಮ ಬೈದಿದ್ದರೆ ನಾನೂ ತಿರುಗಿ ವಾದ ಮಾಡುತ್ತಿದ್ದೆ. ಬೈಯಲಿಲ್ಲ. ವಿಡಿಯೊದಲ್ಲಿ ಬಿಸಿಲಿಗೆ ಕೆಂಪಾದ ಚುಕ್ಕಿಯ ಮುಖವನ್ನೇ ನೋಡುತ್ತಿದ್ದಳು.

"ಪಾಪ, ಮಕ್ಕಳು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಕೂರೋಕೆ ಏನೂ ಇಲ್ಲ ಅಂತ ನಿನಗೆ ಯಾರು ಹೇಳಿದ್ದು?" ಅಂದಳು.

"ನೀನೇ ಅಲ್ವಾ, ಇಡೀ ದಿನ ನಿಂತು ನಿಂತು ಸಾಕಾಯ್ತು ಅಂತಿದ್ದದ್ದು?"

"ಅಂದೆ. ಸ್ಟೂಲ್ ಇಲ್ಲ ಅಂದೆನಾ? ಇದೆ. ಕುಳ್ಳ ಸ್ಟೂಲು. ಕೂತ್ರೆ ಮೇಜು ಗದ್ದಕ್ಕೆ ಬರುತ್ತೆ, ಕೊಡೆ ತಿರುಗಿಸೋಕಾಗಲ್ಲ. ಅದಕ್ಕೆ ನಾವೇ ಮೂಲೇಲಿ ಪೇರಿಸಿ ಇಟ್ಟಿದ್ದೀವಿ. ಎತ್ತರದ್ದು ಕೊಡಿ ಅಂತ ಎಲ್ಲರೂ ಸೇರಿ ಹೋಗಿ ಕೇಳಿದ್ವಿ. ಮುಂದಿನ ತಿಂಗಳು ನೋಡೋಣ ಅಂದಿದ್ರು ಸೂಪರ್‌ವೈಸರ್. ಈಗ ಲೈನೇ ಇಲ್ಲ. ಏನು ನೋಡ್ತಾರೆ?"

ನಾನು ಏನೋ ಹೇಳಲು ಹೋದೆ.

"ಒಂದು ಮಾತು ನನ್ನ ಕೇಳಿದ್ರೆ ಏನಾಗ್ತಿತ್ತು? ಒಂದೇ ಮನೇಲಿ ಇದ್ದೀವಲ್ಲ."

ಅಪ್ಪ ಬೀಗ ಮುಚ್ಚಿ ತೆಗೆದು, ಮುಚ್ಚಿ ತೆಗೆದು ಮಾಡುತ್ತಿದ್ದ.

ನನಗೆ ಸಿಟ್ಟೂ ಬರುತ್ತಿದೆ. ನಾನು ಮಾಡಿದ್ದು ಅವಳಿಗಾಗಿಯೇ ಅಲ್ಲವೇ? ಯಾರೂ ನಿಲ್ಲದಿದ್ದರೆ ಆ ಮುಂದಿನ ತಿಂಗಳು ಯಾವತ್ತಾದರೂ ಬರುತ್ತಿತ್ತೇ? ಇದನ್ನೆಲ್ಲ ಅವಳಿಗೆ ಹೇಳಬೇಕು ಅನ್ನಿಸಿತು. ಅವಳು ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕುತ್ತ ಕೂತಿದ್ದಳು. ಹೇಳಲಿಲ್ಲ.

ಸೆಪ್ಟೆಂಬರ್ 7, ಶನಿವಾರ

ಸೋತೆ. ಅದೂ ನನ್ನದೇ ವಾದದ ಕೈಯಲ್ಲಿ.

ಲೈನ್ ನಿಂತಿದೆ, ಹೆಂಗಸರು ಮನೆಯಲ್ಲಿದ್ದಾರೆ ಅಂತ ಹೇಳಿದೆ. ಪರದೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು! "ಹಾಗಾದರೆ ಒತ್ತಡ ಕೆಲಸ ಮಾಡುತ್ತಿದೆ" ಅಂದ ಗಿಟಾರ್. ಇದು ಒಳ್ಳೆಯ ಸುದ್ದಿ ಅಲ್ಲ, ಅಂಗಡಿಯವರು ಮೊದಲು ಕೊಡೆ ಕೊಳ್ಳಲು ಶುರು ಮಾಡಲಿ, ಆಮೇಲೆ ಕುರ್ಚಿಯ ಮಾತು ಆಡೋಣ ಅಂದೆ. ಅವನು ನಯವಾಗಿ, ತುಂಬ ನಯವಾಗಿ, "ಈಗ ಸ್ವಲ್ಪ ಕಷ್ಟ, ಮುಂದೆ ಎಲ್ಲರಿಗೂ ಸುಖ" ಅಂದ. ಇದೇ ಮಾತನ್ನು ಹವಾಮಾನದ ದಿನ ನಾನು ಅವನಿಗೆ ಹೇಳಿದ್ದೆ. ಆಗ ಎಷ್ಟು ಚೆನ್ನಾಗಿ ಕೇಳಿಸಿತ್ತು.

ಸಭೆ ಮುಗಿದ ಮೇಲೆ ಚುಕ್ಕಿ ಮಾತ್ರ ಬೇರೆಯಾಗಿ ಬರೆದಳು: "ಅಂಗಡಿಯವರು ನಮ್ಮ ಶಾಲೆಯ ಮೂವರನ್ನು ಮಾತಿಗೆ ಕರೆದಿದ್ದಾರೆ. ಮೊದಲು ಲೈನ್ ತೆರೆಸಿ ಅಂತ ಹೇಳಲೇ?"

ಹೇಳು ಅಂತ ಬೆರಳು ಒತ್ತಲು ಹೊರಟವಳು ಹಾಗೇ ಹೋಗಿ ಅಮ್ಮನನ್ನು ಕೇಳಿದೆ. ನಾಲ್ಕು ದಿನದಿಂದ ಅವಳು ನನ್ನ ಜೊತೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು.

"ಲೈನ್ ತೆಗೀಲಿ. ಕೂರೋಕೆ ಎತ್ತರದ್ದು ಕೊಡ್ಲಿ. ಅಷ್ಟು ಹೇಳು ಸಾಕು" ಅಂದಳು.

ಅಷ್ಟನ್ನೇ ಕಳಿಸಿದೆ. ಮೇಷ್ಟ್ರಿಗೆ ಕೋಪ ಬಂದಿದೆ. ಈ ಚರ್ಚೆಗಳಿಗೆ ಕೊಡುವ ಅಂಕದಲ್ಲಿ ನಮ್ಮ ಶಾಲೆ ಎಲ್ಲರಿಗಿಂತ ಮುಂದಿದೆಯಂತೆ, ಈಗ ಉತ್ಸಾಹಕ್ಕೆ ತಣ್ಣೀರು ಎರಚಬೇಡ ಅಂದರು.

ಸೆಪ್ಟೆಂಬರ್ 18, ಬುಧವಾರ

ಲೈನ್ ಶುರುವಾಯಿತು! ಕುರ್ಚಿಗಳೂ ಬಂದವು!

ಅಮ್ಮ ಸಂಜೆ ಮೆಟ್ಟಿಲು ಹತ್ತುವಾಗಲೇ ನಗುತ್ತಿದ್ದಳು. ಲಾರಿಯಲ್ಲಿ ಬಂದದ್ದು ಸ್ಟೂಲಲ್ಲ, ಆಫೀಸುಗಳಲ್ಲಿ ಇರುತ್ತವಲ್ಲ, ಅಂಥ ಮೆತ್ತನೆಯ ಕುರ್ಚಿಗಳು. ಪಕ್ಕದ ಹಿಡಿ ಎತ್ತಿದರೆ ಮೇಲೆ ಹೋಗುತ್ತವೆ, ಒತ್ತಿದರೆ ಕೆಳಗೆ. ಬೆಳಿಗ್ಗೆಯೆಲ್ಲ ಯಾರೂ ಕೆಲಸ ಮಾಡಲಿಲ್ಲವಂತೆ, ಮೇಲೆ ಕೆಳಗೆ ಹೋಗುವುದೇ ಆಯಿತಂತೆ. ಮೇಜಿನ ಎತ್ತರಕ್ಕೆ ಏರಿಸಿಕೊಂಡರೆ ಕಾಲು ನೇತಾಡುತ್ತಿತ್ತು. ಆಗ ದೊಡ್ಡಕ್ಕ ಮೂಲೆಯಲ್ಲಿದ್ದ ಕುಳ್ಳ ಸ್ಟೂಲನ್ನು ಎಳೆದು ತಂದು ಅದರ ಮೇಲೆ ಕಾಲಿಟ್ಟುಕೊಂಡರಂತೆ. "ಮಹಾರಾಣಿ ಥರ ಕೂತಿದ್ಲು ಕಣೇ! ಪಾದಪೂಜೆ ಮಾಡೋರು ಎಲ್ಲಿ ಅಂತ ಕೇಳ್ತಿದ್ಲು" ಅಂತ ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಈಗ ಎಲ್ಲರ ಕಾಲ ಕೆಳಗೂ ಕುಳ್ಳ ಸ್ಟೂಲು.

"ಸುಳ್ಳು ಹೇಳಬಾರದು. ಕುರ್ಚಿ ಚೆನ್ನಾಗಿದೆ" ಅಂದಳು ಕೊನೆಗೆ. ನನ್ನ ತಲೆಯ ಮೇಲೆ ಒಂದು ಸಲ ಕೈಯಾಡಿಸಿದಳು. ಅಪ್ಪ, "ವಕೀಲಮ್ಮ ಕೇಸ್ ಗೆದ್ದಳು" ಅಂದ. ನನಗೆ ಅಳು ಬಂತು, ಯಾಕೆ ಅಂತ ಗೊತ್ತಿಲ್ಲ.

ಚುಕ್ಕಿಗೆ ಬರೆದೆ. ಕಾಲಿಡುವ ಸ್ಟೂಲಿನ ವಿಷಯವನ್ನೂ ಬರೆದೆ. ಸೋಮವಾರ ವೈದ್ಯರ ತಂಡ ಬರುತ್ತದೆ ಅಂತ ಅವಳೇ ತಿಳಿಸಿದಳು. ನನ್ನ ಬೇಡಿಕೆಯನ್ನೂ ಮರೆತಿಲ್ಲ.

ಸೆಪ್ಟೆಂಬರ್ 23, ಸೋಮವಾರ

ದೊಡ್ಡಕ್ಕನನ್ನು ಮನೆಗೆ ಕಳಿಸಿದರು.

ವೈದ್ಯರು ಲೈನಿನಲ್ಲಿದ್ದ ಎಲ್ಲರ ಕಾಲನ್ನೂ ನೋಡಿದರಂತೆ. ದೊಡ್ಡಕ್ಕ ಮೀನಖಂಡಕ್ಕೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿಸಿದಾಗ, ಒಳಗೆ ನರಗಳೆಲ್ಲ ಗಂಟುಗಂಟಾಗಿ ಎದ್ದು ನಿಂತಿದ್ದವಂತೆ. ಒಂದು ಕಡೆ ಹುಣ್ಣೂ ಇತ್ತು. ಕುರ್ಚಿ ಬಂದರೂ ಪೆಟ್ಟಿಗೆ ಎತ್ತಿ ಓಡಾಡುವ ಈ ಕೆಲಸಕ್ಕೆ ಇವರು ಯೋಗ್ಯರಲ್ಲ ಅಂತ ವೈದ್ಯರು ಬರೆದರು. ವರದಿ ಅಂಗಡಿಯವರಿಗೆ ಹೋಗುತ್ತದೆ, ಹೀಗಾದ ಕಾಲನ್ನು ಇಟ್ಟುಕೊಂಡು ಕೆಲಸ ಮಾಡಿಸಿದರು ಅನ್ನಿಸಿಕೊಳ್ಳಲು ಕಾರ್ಖಾನೆ ತಯಾರಿಲ್ಲ. "ನಿಮ್ಮ ಆರೋಗ್ಯದ ದೃಷ್ಟಿಯಿಂದ" ಅಂದರಂತೆ ಸೂಪರ್‌ವೈಸರ್. ಅವರೇನು ಕೆಟ್ಟವರಲ್ಲ, ಹೇಳುವಾಗ ತಲೆ ತಗ್ಗಿಸಿದ್ದರು ಅಂದಳು ಅಮ್ಮ.

"ಅವರ ಕಾಲು ಹಾಗಿದೆ ಅಂತ ನಿಮಗೆಲ್ಲ ಗೊತ್ತಿತ್ತಾ?" ಅಂದೆ.

"ಗೊತ್ತಿಲ್ದೆ ಏನು? ಕಂಬದ ಪಕ್ಕದ ಜಾಗ ಅವಳಿಗೆ ಯಾಕೆ ಬಿಟ್ಟಿದ್ದು? ಒರಗಿಕೊಳ್ಳಲಿ ಅಂತ. ಅವಳ ಪೆಟ್ಟಿಗೆ ಎತ್ತೋದು ನಾನು. ಅವಳ ಲೆಕ್ಕ ಕಡಿಮೆ ಬಿದ್ರೆ ಆ ಕಡೆಯವಳು ಸೇರಿಸ್ತಿದ್ಲು. ಎತ್ತರದ ಸ್ಟೂಲು ಕೇಳಿದ್ದೇ ಅವಳಿಗೋಸ್ಕರ." ಅಮ್ಮ ಊಟದ ಡಬ್ಬಿ ತೆಗೆದು ಪಕ್ಕಕ್ಕಿಟ್ಟಳು. "ಅವಳ ಕಾಲು ನಮಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಅಷ್ಟೇ ಬೇಕಾಗಿದ್ದದ್ದು."

ಅವತ್ತು ಕುರ್ಚಿಯ ಮಾತಿನಲ್ಲಿ ಮೂರನೆಯ ಬೇಡಿಕೆ ಹೇಳಲು ಬಿಟ್ಟುಹೋಗಿತ್ತು, ವೈದ್ಯರನ್ನು ಕರೆಸಿದ್ದು ನಾನು ಅಂತ ಅಮ್ಮನಿಗೆ ಗೊತ್ತಿರಲಿಲ್ಲ. ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಆ ಬೇಡಿಕೆಯಲ್ಲಿ ತಪ್ಪು ಎಲ್ಲಿದೆ ಅಂತ ಆಗಿನಿಂದ ಹುಡುಕುತ್ತಿದ್ದೇನೆ. ಕಾಲು ನೋಯುವವರಿಗೆ ವೈದ್ಯರು ಬೇಡವೇ? ಬೇಕು. ಆ ಹುಣ್ಣಿಗೆ ಮದ್ದು ಬೇಡವೇ? ಬೇಕು. ವರದಿ ಯಾರ ಕೈಗೆ ಹೋಗುತ್ತದೆ, ಅವರು ಅದನ್ನು ಇಟ್ಟುಕೊಂಡು ಏನು ಮಾಡುತ್ತಾರೆ ಅಂತ ಮಾತ್ರ ನಾನು ಯೋಚಿಸಲಿಲ್ಲ. ವಾಕ್ಯ ಗಟ್ಟಿಯಾಗಿ ಕೇಳಿಸಲಿ ಅಂತಲೇ ಅದನ್ನು ಸೇರಿಸಿದ್ದೆ.

ಸೆಪ್ಟೆಂಬರ್ 25, ಬುಧವಾರ

ಶನಿವಾರ ಕೊನೆಯ ಸಭೆ. ಎಲ್ಲ ಶಾಲೆಗಳ ಮುಖ್ಯೋಪಾಧ್ಯಾಯರೂ ಪರದೆಗೆ ಬರುತ್ತಾರೆ. ಮೊದಲ ಭಾಷಣ ನನ್ನದು. ತಲೆಬರಹವನ್ನು ಮೇಷ್ಟ್ರೇ ಕೊಟ್ಟಿದ್ದಾರೆ: 'ಒಂದು ಮಾತು, ನೂರು ಕುರ್ಚಿ'. ದೊಡ್ಡಕ್ಕನ ವಿಷಯ ಹೇಳಬೇಕು ಸಾರ್ ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನೂರು ಜನಕ್ಕೆ ಒಳ್ಳೇದಾಗಿದೆ ಕಣಮ್ಮ. ಒಬ್ಬರ ವಿಷಯಕ್ಕೆ ಎಲ್ಲವನ್ನೂ ಕೆಡಿಸ್ಕೋಬೇಡ."

ಮೇಷ್ಟ್ರು ಕಟುಕರಲ್ಲ. ಎರಡು ತಿಂಗಳ ಹಿಂದೆ ಇದೇ ಮಾತನ್ನು ಬೇರೆ ಯಾರಿಗಾದರೂ ನಾನೂ ಹೇಳುತ್ತಿದ್ದೆನೋ ಏನೋ.

ದೊಡ್ಡಕ್ಕನ ವಿಷಯ ಸಭೆಯಲ್ಲಿ ಹೇಳಲಾ ಅಂತ ಅಮ್ಮನನ್ನು ಕೇಳಿದೆ. "ನನ್ನ ಯಾಕೆ ಕೇಳ್ತೀಯ? ಅವಳನ್ನ ಕೇಳು" ಅಂದಳು.

ಸೆಪ್ಟೆಂಬರ್ 26, ಗುರುವಾರ

ಹೋದೆ. ಟೈಲರ್ ಅಂಗಡಿಯ ಪಕ್ಕದ ಸಂದಿಯಲ್ಲಿ ಹೋದರೆ ಹಿಂದೆ ಅವರ ಬಾಗಿಲು. ಕೋಣೆಯೊಳಗೆ ಮಂಚ, ಸ್ಟೌ, ಗೋಡೆಯ ಮೊಳೆಯಲ್ಲಿ ಕಾರ್ಖಾನೆಯ ನೀಲಿ ಕೋಟು. ಒಗೆದು ಇಸ್ತ್ರಿ ಮಾಡಿ ನೇತುಹಾಕಿದ್ದರು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ದೊಡ್ಡಕ್ಕ ನನ್ನನ್ನು ಕಂಡು ಸಂತೋಷಪಟ್ಟರು.

"ಬಾ ಬಾ. ಬೆಳಿಗ್ಗೆಯಿಂದ ಗೋಡೆ ಜೊತೆ ಮಾತಾಡಿ ಸಾಕಾಗಿತ್ತು. ಅದು ಹ್ಞೂಂ ಅನ್ನಲ್ಲ, ಉಹ್ಞೂಂ ಅನ್ನಲ್ಲ."

ಚಹಾ ಮಾಡಲು ಏಳಹೋದರು, ಬೇಡ ಅಂದೆ. ಹೇಳಬೇಕಾದದ್ದನ್ನು ಚಹಾ ಕುಡಿದ ಮೇಲೆ ಹೇಳುವುದು ಸರಿಯಲ್ಲ ಅನ್ನಿಸಿತು. ನಿಂತುಕೊಂಡೇ ಹೇಳಿದೆ. ವೈದ್ಯರನ್ನು ಕರೆಸಬೇಕು ಅಂತ ಬರೆದವಳು ನಾನು ಅಂದೆ.

ಅವರು ನನ್ನ ಮುಖವನ್ನೇ ನೋಡಿದರು.

"ಏನಂತ ಬರೆದಿದ್ದೆ? ಹೇಳು, ಕೇಳೋಣ."

ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ. ಸಭೆಯಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದ್ದ ವಾಕ್ಯ.

"ಕೇಳೋಕೆ ಚೆನ್ನಾಗೇ ಇದೆ" ಅಂದರು. ಮೀನಖಂಡದ ಮೇಲೆ ಕೈಯಿಟ್ಟು, "ಆ ಬಟ್ಟೆ ನಾನು ಯಾರ ಮುಂದೇನೂ ಬಿಚ್ಚಿರಲಿಲ್ಲ. ನಿಮ್ಮಮ್ಮನ ಮುಂದೇನೂ. ಅವತ್ತು ಎಲ್ಲರ ಎದುರಿಗೆ ಬಿಚ್ಚಿಸಿದ್ರು" ಅಂದರು.

"ದೊಡ್ಡಕ್ಕ, ಶನಿವಾರ ಸಭೆಯಲ್ಲಿ ಇದನ್ನ ಹೇಳಲಾ? ಅವರೆಲ್ಲ ನಿಮಗೋಸ್ಕರ..."

"ಇನ್ನೊಂದ್ಸಲ ಬಿಚ್ಚಬೇಕಾ?"

ಅವರು ಸೀರೆಯ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡರು.

"ಹೋಗು ಮಗಳೇ ಈಗ. ಕೋಪ ಬರ್ತಾ ಇದೆ. ನಿನ್ನ ಮೇಲೆ ಕೋಪ ಮಾಡ್ಕೊಳ್ಳೋಕೆ ನನಗಿಷ್ಟ ಇಲ್ಲ, ಆದ್ರೂ ಬರ್ತಾ ಇದೆ. ಹೋಗು."

ಬಂದೆ.

ಸೆಪ್ಟೆಂಬರ್ 28, ಶನಿವಾರ

ಕೊನೆಯ ಸಭೆ ಮುಗಿಯಿತು. ನಮ್ಮ ಶಾಲೆಗೆ ಮೊದಲ ಸ್ಥಾನ ಬರಲಿಲ್ಲ, ಗಿಟಾರ್‌ನ ಶಾಲೆಗೆ ಬಂತು.

ಭಾಷಣದ ಕಾಗದ ಕೈಯಲ್ಲೇ ಇತ್ತು. ಕುರ್ಚಿಗಳು ಬಂದಿವೆ, ಚೆನ್ನಾಗಿವೆ, ನನ್ನಮ್ಮ ಕೂತು ಕೆಲಸ ಮಾಡುತ್ತಿದ್ದಾಳೆ, ನೀವು ಬಿಸಿಲಲ್ಲಿ ನಿಂತದ್ದಕ್ಕೆ ಅವಳು ಪಾಪ ಮಕ್ಕಳು ಅಂದಳು ಅಂತ ಹೇಳಿದೆ. ಆಮೇಲೆ ಕಾಗದ ಕೆಳಗಿಟ್ಟೆ. ಮೂರನೆಯ ಬೇಡಿಕೆ ನನ್ನದು, ಅದರಿಂದ ಒಬ್ಬರಿಗೆ ಕೆಟ್ಟದ್ದಾಗಿದೆ, ಕೆಲಸ ಹೋಗಿದೆ ಅಂದೆ.

ಗಿಟಾರ್ ಮುಂದಕ್ಕೆ ಬಾಗಿದ. "ಯಾರು? ಏನಾಯಿತು? ಹೇಳು, ಇವತ್ತೇ ಬರೆದು ಎಲ್ಲ ಕಡೆ ಹಾಕೋಣ." ಅವನ ಮುಖದಲ್ಲಿ ನಿಜವಾದ ಕಳಕಳಿ ಇತ್ತು. ಬರೀ ಜಂಬದ ಹುಡುಗ ಅಂದುಕೊಂಡಿದ್ದೆ, ಹಾಗಿಲ್ಲ.

"ಹೇಳುವ ಹಾಗಿಲ್ಲ. ಅವರು ಒಪ್ಪಿಲ್ಲ."

"ಹೆಸರು ಬೇಡ, ಕಥೆ ಮಾತ್ರ ಹೇಳು."

"ಅದೂ ಅವರದೇ."

ಮುಖ್ಯೋಪಾಧ್ಯಾಯರೊಬ್ಬರು, ಹಾಗಾದರೆ ನಿನ್ನ ತೀರ್ಮಾನ ಏನು ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಪರದೆಯ ಚೌಕಗಳಲ್ಲಿ ಎಷ್ಟೋ ಮುಖಗಳು ನನ್ನನ್ನು ನೋಡುತ್ತಿದ್ದವು, ನನ್ನ ಸಮಯ ಇನ್ನೂ ಉಳಿದಿತ್ತು. ನನ್ನ ಮೈಕ್ ಆರಿಸಿಬಿಟ್ಟೆ.

ಮೇಷ್ಟ್ರು ಬೈಯಲಿಲ್ಲ. ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಆರಿಸುತ್ತ, "ಅವರ ಮನೆ ಎಲ್ಲಿ?" ಅಂತ ಕೇಳಿದರು. ಅವರನ್ನು ಕೇಳಿ ಹೇಳ್ತೀನಿ ಸಾರ್ ಅಂದೆ. ಅವರಿಗೆ ನಗು ಬಂತು, ನನಗೂ ಬಂತು.

ಅಮ್ಮ ಏನಾಯಿತು ಅಂತ ಕೇಳಿದಳು. ಎಲ್ಲವನ್ನೂ ಹೇಳಿದೆ, ಮಧ್ಯೆ ಮಧ್ಯೆ ಅವಳು ಪ್ರಶ್ನೆ ಹಾಕಿದಳು. ಊಟ ಆರಿಹೋಯಿತು.

ಸೆಪ್ಟೆಂಬರ್ 29, ಭಾನುವಾರ

ಬೆಳಿಗ್ಗೆ ಅಪ್ಪ ತನ್ನ ಬೀಗದ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತು, "ಬೇಗ ಬಾ" ಅಂತ ಕೂಗಿದ. ದೊಡ್ಡಕ್ಕ ಮೆಟ್ಟಿಲ ಅರ್ಧದಲ್ಲಿ ನಿಂತಿದ್ದರು. ಅಪ್ಪನೂ ಅಮ್ಮನೂ ಎರಡು ಕಡೆ ಹಿಡಿದು ಮೇಲೆ ಕರೆತಂದರು. ನೀಲಿ ಕೋಟು ಹಾಕಿಕೊಂಡು ಬಂದಿದ್ದರು, ಭಾನುವಾರ.

ನೀರು ಕುಡಿದು, ಉಸಿರು ಸಮಾಧಾನಕ್ಕೆ ಬಂದ ಮೇಲೆ, "ನಿನ್ನೆ ಏನು ಹೇಳ್ದೆ ಆ ಮಕ್ಕಳಿಗೆ?" ಅಂದರು.

"ನಿಮ್ಮ ವಿಷಯ ಹೇಳಲಿಲ್ಲ."

"ನಿಮ್ಮಮ್ಮ ಫೋನಲ್ಲಿ ಹೇಳಿದ್ಲು. ನಿಜಾನಾ ಅಂತ ನಿನ್ನ ಬಾಯಿಂದ ಕೇಳೋಣ ಅಂತ ಬಂದೆ." ಅಮ್ಮನ ಕಡೆ ನೋಡಿ, ನನ್ನ ಕಡೆ ನೋಡಿ, "ಆ ಅಂಗಡಿ ಇರೋ ಊರಿನ ಹುಡುಗಿ, ಬಿಸಿಲಲ್ಲಿ ನಿಂತವಳು, ಅವಳ ಜೊತೆ ಈಗ ಮಾತಾಡೋಕಾಗುತ್ತಾ?" ಅಂದರು.

"ನೀವಾ?"

"ಮತ್ತೆ ನನ್ನ ಕಾಲಿನ ವಿಷಯ ಇನ್ಯಾರು ಮಾತಾಡ್ಬೇಕು?"

ಕರೆ ಮಾಡಿದೆ. ಚುಕ್ಕಿ ಆಗಷ್ಟೇ ಎದ್ದಿದ್ದಳು, ಕೂದಲೆಲ್ಲ ಕೆದರಿತ್ತು. ದೊಡ್ಡಕ್ಕ ಫೋನನ್ನು ಮುಖಕ್ಕೆ ಹತ್ತಿರ ಹಿಡಿದು ಅವಳನ್ನು ಚೆನ್ನಾಗಿ ನೋಡಿದರು. "ಇಷ್ಟು ಚಿಕ್ಕವಳಾ!" ಅಂದರು. ಅದನ್ನೂ ಹೇಳಬೇಕಾ ಅಂತ ಕೇಳಿದೆ. "ನಾನು ಹೇಳಿದ್ದೆಲ್ಲ ಹೇಳು. ಹೇಳದೆ ಇರೋದನ್ನ ಹೇಳಬೇಡ" ಅಂದರು.

ಅವರು ಒಂದೊಂದೇ ಮಾತು ಹೇಳಿದರು, ನಾನು ಒಂದೊಂದನ್ನೇ ಇಂಗ್ಲಿಷಿಗೆ ದಾಟಿಸಿದೆ. ಕಾಲು ಹೇಗಿದೆ ಅಂತ ಹೇಳಿದರು. ಬಟ್ಟೆ ಬಿಚ್ಚಿಸಿದ್ದನ್ನು ಹೇಳಿದರು. ಲೈನಿನ ಕೊನೆಯಲ್ಲಿ ಮುಚ್ಚಿದ ಕೊಡೆಗೆ ಪಟ್ಟಿ ಸುತ್ತಿ ಗುಂಡಿ ಹಾಕುವ ಮೇಜು ಇದೆ, ಆ ಕೆಲಸಕ್ಕೆ ಕಾಲೇ ಬೇಡ, ಅಲ್ಲಿ ತಮ್ಮನ್ನು ಕೂರಿಸಬಹುದು ಅಂದರು. ಇವರು ಕೂತು ಕೆಲಸ ಮಾಡಬಹುದು ಅಂತ ವೈದ್ಯರು ಇನ್ನೊಂದು ಸಾಲು ಬರೆದರೆ ಸಾಕು ಅಂದರು. ಹುಣ್ಣಿಗೆ ಮದ್ದು ಕೊಟ್ಟರೆ ಬೇಡ ಅನ್ನುವುದಿಲ್ಲ ಅಂದರು. ಇದನ್ನು ಚುಕ್ಕಿ ಒಬ್ಬಳೇ ಹೋಗಿ ಅಂಗಡಿಯವರಿಗೆ ಹೇಳಬೇಕು, ಗುಂಪು ಕಟ್ಟಬಾರದು, ಏನೇ ಆದರೂ ಲೈನ್ ನಿಲ್ಲಬಾರದು ಅಂದರು.

ಒಂದು ಕಡೆ ನಾನು 'ಪಾಪದ ಈ ಮುದುಕಿ' ಅನ್ನುವ ಅರ್ಥದ ಮಾತು ಸೇರಿಸಿಬಿಟ್ಟೆ, ಅಭ್ಯಾಸ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ನನ್ನ ದನಿ ಇಳಿದದ್ದು ಗೊತ್ತಾಯಿತು. "ಈಗ ಏನಂದೆ?" ಅಂದರು. ಹೇಳಿದೆ. "ತೆಗಿ ಅದನ್ನ. ಚೆಕಿಂಗ್ ಕೆಲಸದವಳು ಅನ್ನು" ಅಂದರು. ತೆಗೆದೆ.

ಚುಕ್ಕಿ ಅಳತೊಡಗಿದ್ದಳು. ಕ್ಷಮಿಸಿ, ಕ್ಷಮಿಸಿ ಅನ್ನುತ್ತಿದ್ದಳು. ಅದನ್ನು ಕನ್ನಡದಲ್ಲಿ ಹೇಳಿದೆ.

ದೊಡ್ಡಕ್ಕ ಫೋನನ್ನು ನೆಟ್ಟಗೆ ಹಿಡಿದುಕೊಂಡರು.

"ಅಳಬೇಡ ಅಂತ ಹೇಳು. ಬರ್ಕೋ ಅಂತ ಹೇಳು."

ಹೇಳಿದೆ. ಅವಳು ಮೂಗೊರೆಸಿಕೊಂಡು ಪೆನ್ನು ತೆಗೆದುಕೊಂಡಳು.